ನೈಟ್ ಹಾಲ್ಟ್

ರಾತ್ರಿ ಒಂಬತ್ತೂ ಕಾಲು. ರಾಯಲ್ಪಾಡಿನ
ಹುಣಸೆಮರದ ಕೆಳಗೆ ಬಸ್ಸು ನಿಂತಿದೆ,
ಇಂಜಿನ್ನು ಇನ್ನೂ ಟಿಕ್ ಟಿಕ್ ಎನ್ನುತ್ತ ಆರುತ್ತಿದೆ.
ಗಂಗುಲಪ್ಪ ಮೂರನೇ ಸೀಟಿನ ಮೇಲೆ ಚಿಲ್ಲರೆ ಸುರಿದು
ಎಣಿಸಿ, ಮತ್ತೆ ಎಣಿಸಿ,
ಏಳು ರೂಪಾಯಿ ಕಮ್ಮಿ ಎಂದು ಯಾರನ್ನೋ ಬೈಯುತ್ತಿದ್ದಾನೆ.
ಅವನು ಎಣಿಸುವುದು ಕನ್ನಡದಲ್ಲಿ,
ಬೈಯುವುದು ತೆಲುಗಿನಲ್ಲಿ.

ನಾನು ಹಿಂದಿನ ಉದ್ದ ಸೀಟಿನಲ್ಲಿ ಕಾಲು ಚಾಚಿ
ಫೋನು ತೆರೆದೆ.
ಬಸ್ಸು ಹೊರಡಿಸಿದೆ.

‘ಅಲ್ಲಯ್ಯಾ ಚಲಪತಿ,
ಹಗಲೆಲ್ಲಾ ತುಳಿದಿದ್ದು ಸಾಲ್ದಾ ನಿನಗೆ?
ಹೋಟ್ಲಲ್ಲಿ ಇಡ್ಲಿ ಹಾಕೋನು ಮನೆಗೆ ಹೋಗಿ
ಇಡ್ಲಿ ಹಾಕೋ ಆಟ ಆಡ್ತಾನಾ?’

ಆಡಬಹುದು. ಯಾಕಾಡಬಾರದು?
ಅಲ್ಲಿ ಹಿಟ್ಟು ಹುಳಿಯಾಗುವುದಿಲ್ಲ,
ಗ್ಯಾಸು ನಡುವೆ ಮುಗಿಯುವುದಿಲ್ಲ.

ಇಲ್ಲಿ ಕ್ಲಚ್ಚಿಗೆ ಮಂಡಿ ಬೇಡ, ಹೆಬ್ಬೆರಳು ಸಾಕು.
ಲೀಟರಿಗೆ ಎಷ್ಟು ಕಿಲೋಮೀಟರು ತಂದೆ ಎಂದು
ಡಿಪೋ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ
ಹೆಸರು ಬರೆದು ಮಾನ ತೆಗೆಯುವವರಿಲ್ಲ.
ಹತ್ತುವವರು ಸದ್ದಿಲ್ಲದೆ ಹತ್ತುತ್ತಾರೆ,
ಎಲ್ಲರದೂ ಒಂದೇ ಎತ್ತರ, ಒಂದೇ ನಡಿಗೆ.
ಮಾವಿನ ಬುಟ್ಟಿಗೆ ಲಗೇಜು ಯಾಕೆ ಅಂತ ಜಗಳವಿಲ್ಲ,
ಸೀಟಿನಡಿ ಕಾಲು ಕಟ್ಟಿದ ಕೋಳಿಯಿಲ್ಲ.
ಮಳೆ ಬೇಕೆಂದರೆ ಒಂದು ಗುಂಡಿ. ಒತ್ತಿದರೆ
ವೈಪರು ಎರಡೂ ಆಡುತ್ತವೆ.
ಎರಡೂ!

ಯಾವುದೋ ದೇಶದ ಯಾವುದೋ ಊರು, ನಡುರಾತ್ರಿ,
ಎದುರಿಗೆ ನರಪಿಳ್ಳೆಯಿಲ್ಲ. ಆದರೂ
ಕೆಂಪು ದೀಪಕ್ಕೆ ನಿಲ್ಲುತ್ತೇನೆ.
ಹಿಂದೆ ಹಾರ್ನು ಒತ್ತುವವರಿಲ್ಲದ ಕೆಂಪು ದೀಪ
ಎಂಥ ಸುಖ ಅಂತ ಗಂಗುಲಪ್ಪನಿಗೆ ಹೇಗೆ ಹೇಳಲಿ.
ನಿಂತದ್ದಕ್ಕೆ ಐದು ನಾಣ್ಯ ಕೊಡುತ್ತದೆ ಆಟ.
ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ
ನಿಂತದ್ದಕ್ಕೆ ಯಾರೂ ಏನೂ ಕೊಟ್ಟಿಲ್ಲ.
ತಡವಾದದ್ದಕ್ಕೆ ಕೊಟ್ಟಿದ್ದಾರೆ, ಮೆಮೊ.

ಈ ಬಸ್ಸಿಗೆ ಬಣ್ಣ ಹಾಕಿಕೊಟ್ಟವನು ಇಮ್ತಿಯಾಜ್,
ಗೌನಿಪಲ್ಲಿಯಲ್ಲಿ ಹತ್ತುವ ಐಟಿಐ ಹುಡುಗ,
ಪಾಸು ಕೇಳಿದರೆ ಜೇಬು ತಟ್ಟಿ ತೋರಿಸುವವನು.
ನಮ್ಮದೇ ಕೆಂಪು, ನಮ್ಮದೇ ನಂಬರು.
ಬೋರ್ಡಿನ ‘ಶ್ರೀನಿವಾಸಪುರ’ದಲ್ಲಿ ‘ಪು’ ಅಳಿಸಿಹೋಗಿದೆಯಲ್ಲ,
ಅದನ್ನೂ ಹಾಗೇ ಅಳಿಸಿದ್ದಾನೆ, ಕಳ್ಳ.
ಎಡಗಡೆ ಮೂತಿಯ ತಗ್ಗನ್ನೂ ಬಿಟ್ಟಿಲ್ಲ:
ಅಡ್ಡಗಲ್ ತಿರುವು, ಮಾವಿನ ಸೀಜನ್ನು,
ಒಂದು ಮೇಕೆಮರಿ, ಒಂದು ಕಲ್ಲುಕಂಬ.
ಮರಿ ಉಳಿಯಿತು,
ಸಂಬಳದಲ್ಲಿ ಮೂರು ಕಂತು ಹೋಯಿತು.

‘ತೆಗೆದುಬಿಡ್ಲಾ ಅಣ್ಣಾ? ಎರಡು ನಿಮಿಷದ ಕೆಲಸ.’
ಒಂದು ಸ್ಟಾಪಿನಷ್ಟು ದೂರ ಯೋಚಿಸಿದೆ.
ಬೇಡ, ಇರಲಿ ಬಿಡು ಎಂದೆ.
ಅದಿಲ್ಲದಿದ್ದರೆ ಯಾರ ಬಸ್ಸನ್ನೋ
ಕದ್ದು ಓಡಿಸಿದ ಹಾಗಿರುತ್ತೆ.

ಊರು ದಾಟಿತು. ದೀಪಗಳು ಮುಗಿದವು.
ಒಂದು ತಿರುವು, ಒಂದು ಮರ,
ಎಂಥದ್ದೋ ವಿದೇಶದ ಮರ, ಹೆಸರು ಗೊತ್ತಿಲ್ಲ.
ಕೈ ತಾನಾಗಿ ಬ್ರೇಕು ಒತ್ತಿತು.
ಬಾಗಿಲು ತೆರೆದೆ.

ಯಾರೂ ಇಲ್ಲ.
ಸ್ಟಾಪೂ ಅಲ್ಲ.
ಹತ್ತು ನಾಣ್ಯ ಕಡಿತ, ಎಂದು ಕೆಂಪಕ್ಷರ ಮಿನುಗಿತು.

‘ಪಾಪಕ್ಕನ ತಿರುವಾ?’
ಗಂಗುಲಪ್ಪ ಯಾವಾಗ ಬಂದು ಹಿಂದೆ ನಿಂತನೋ,
ಕೈಯಲ್ಲಿ ಇನ್ನೂ ಚಿಲ್ಲರೆ.
ಬೆಳಿಗ್ಗೆ ಆರೂ ಹತ್ತಕ್ಕೆ ದಂಟಿನಸೊಪ್ಪಿನ ಕಟ್ಟು ತಲೆಗಿಟ್ಟು
ಸ್ಟಾಪಿಲ್ಲದ ಕಡೆ ಕೈ ಒಡ್ಡುವವಳು,
ಒಂದು ಕಾಲು ಮೆಟ್ಟಿಲ ಮೇಲಿಟ್ಟು
ಇನ್ನೊಂದು ಕಾಲಿಗೆ ಒಂದು ವರ್ಷ ತೆಗೆದುಕೊಳ್ಳುವವಳು.

ನಾನು ಏನೂ ಹೇಳಲಿಲ್ಲ.
ಬಾಗಿಲು ತೆರೆದೇ ಇತ್ತು.
ಮತ್ತೆ ಹತ್ತು ನಾಣ್ಯ ಹೋಯಿತು.
ಅವನು ನನ್ನ ಭುಜದ ಮೇಲಿಂದ ಬಗ್ಗಿ
ಆ ಅಂಗೈಯಗಲದ ಕತ್ತಲನ್ನು ಇಣುಕಿ ನೋಡಿದ.
ಒಂದು ಕಾಲು. ಸೊಪ್ಪಿನ ಕಟ್ಟು. ಇನ್ನೊಂದು ಕಾಲು.
ಅಷ್ಟು ಹೊತ್ತು ಸರಿಯಾಗಿ ಕಾದು,

‘ರೈಟ್’ ಎಂದ.

ಹೊರಟೆ.