ತೋಕ್ ಪೂ

ಕೈಲ್‌ಪೊಳ್ದ್ ಬೆಳಿಗ್ಗೆ ದೇಚು ಬೇಲಿಯಿಂದ ಕಿತ್ತು ತಂದು
ಕೋವಿಯ ಬಾಯಿಗೆ ಸಿಕ್ಕಿಸಿದಳು:
ಕೆಂಪು ಎಸಳು, ಬುಡದಲ್ಲಿ ಹಳದಿ,
ಬೆಂಕಿ ಹಿಂದಕ್ಕೆ ಬಾಗಿದ ಹಾಗೆ.
“ಅಜ್ಜಾ, ಇದು ನಮ್ಮಲ್ಲಿ ಮಾತ್ರ ಬಿಡೋದಲ್ವಾ?”

ಹೂಂ ಅಂದೆ. ಸುಳ್ಳು.

ಎಂಬತ್ತೇಳು. ಜಾಫ್ನಾದ ಹತ್ತಿರ ಒಂದು ಓಣಿ,
ತಾಳೆಗರಿಯ ಬೇಲಿ. ಶಾಂತಿ ಕಾಯಲು ಹೋದವರು
ಬಾಗಿಲು ಒದೆಯುತ್ತ ಹೋದೆವು.
ಬೇಲಿಯ ಮೇಲೆ ಇದೇ ಹೂ.
“ತೋಕ್ ಪೂ” ಅಂದೆ, ಬಾಯಿ ತಪ್ಪಿ.
ಬಾವಿಕಟ್ಟೆಯ ಮುದುಕಿ ತಿದ್ದಿದಳು:
“ಕಾರ್ತಿಗೈಪ್ಪೂ, ತಂಬಿ.”
ತಂಬಿ ಅಂದಳು. ಆಮೇಲೆ
ಅವಳ ಮಗನನ್ನು ನಾವು ಜೀಪಿಗೆ ಹತ್ತಿಸಿದೆವು.

ಯಾಕೆ ಅಂತ ಆಗ ಕೇಳಲಿಲ್ಲ.
ಸುಬೇದಾರರಿಗೆ ಗೊತ್ತಿರುತ್ತದೆ ಅಂದುಕೊಂಡೆ;
ಅವರು, ಮೇಜರಿಗೆ ಗೊತ್ತಿರುತ್ತದೆ ಅಂತ;
ಮೇಜರು, ದಿಲ್ಲಿಗೆ.
ದಿಲ್ಲಿ ಪದಕ ಕಳಿಸಿತು.
ಹಿಂದೆ ಮುಂದೆ ತಿರುಗಿಸಿ ನೋಡಿದ್ದೇನೆ,
ಅದರಲ್ಲೇನೂ ಬರೆದಿಲ್ಲ, ನನ್ನ ನಂಬರು ಬಿಟ್ಟರೆ.

ಈಗ ಪೊನ್ನಂಪೇಟೆಯ ಮೈದಾನದಲ್ಲಿ
ತೆಂಗಿನಕಾಯಿಗೆ ಗುರಿ. ಕರೆಯುತ್ತಿದ್ದಾರೆ:
ಮಂದಣ್ಣಜ್ಜ ಮೊದಲು ಹೊಡೆಯಲಿ!
ಹೂ ತೆಗೆಯದೆ ಹೊಡೆಯುವಂತಿಲ್ಲ.
ತೆಗೆಯಲು ಕೈ ಏಳುತ್ತಿಲ್ಲ.

ಗೆಡ್ಡೆ ವಿಷ, ದೇಚು,
ಕೈ ತೊಳಕೋ ಅನ್ನುತ್ತೇನೆ.