ಹಡಗು: ಇಲ್ಲ

ನೆವಾಡಾದ ಉಪ್ಪುಬಯಲಲ್ಲಿ ಗ್ಯಾಸ್ ಸಿಲಿಂಡರ್ ಹಂಚುವುದು
ನನ್ನ ಕೆಲಸ. ಹದಿನೇಳು ವರ್ಷವಾಯಿತು.
ಯಾವ ಟ್ರೇಲರಿನ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ,
ಯಾರು ಚೆಕ್ಕು ಕೊಟ್ಟು, ಈ ವಾರ ಹಾಕಬೇಡಪ್ಪ ಅನ್ನುತ್ತಾರೆ,
ಎಲ್ಲ ಬಾಯಿಪಾಠ.

ಆ ಸಂಜೆ ಧೂಳೆದ್ದಿತು.
ಮೊದಲು ಗುಡ್ಡ ಹೋಯಿತು, ಆಮೇಲೆ ರಸ್ತೆ,
ಕೊನೆಗೆ ನನ್ನದೇ ಲಾರಿಯ ಮೂತಿ.
ಯಾರೋ ಹಿಟ್ಟಿನ ಚೀಲ ಮುಖಕ್ಕೇ ಕೊಡವಿದ ಹಾಗೆ.
ಬೆನ್ನ ಹಿಂದೆ ಇಪ್ಪತ್ತೆರಡು ಸಿಲಿಂಡರು
ಹಲ್ಲು ಕಡಿಯುತ್ತಿದ್ದವು.

ಆಗ ಕಂಡಿತು.
ಒಂದು ಸಲ.
ಇಲ್ಲ.
ಎಣಿಸಿದೆ. ಎಂಟಕ್ಕೆ ಸರಿಯಾಗಿ ಮತ್ತೊಂದು ಸಲ.
ಎಂಟೆಂಟೇ ಎಣಿಸುತ್ತ, ಮಗ್ಗಿ ಕಲಿಯುವ ಹುಡುಗನ ಹಾಗೆ
ಇರುವೆಯ ವೇಗದಲ್ಲಿ ಲಾರಿ ಬಿಟ್ಟೆ.

ಹಳೇ ಧಾನ್ಯದ ಕಣಜ, ತಗಡಿನದು, ನಲವತ್ತಡಿ.
ತುದಿಗೆ ಗಾಜಿನ ಗೂಡು.
ಬಾಗಿಲಲ್ಲಿ ಮಳೆಕೋಟು ತೊಟ್ಟ ಮುದುಕಿ.
ಮಳೆಕೋಟು! ಇಲ್ಲಿ ಮಳೆ ಅಂದರೆ
ಆಣೆ ಇಟ್ಟು ತಪ್ಪುವವನ ಇನ್ನೊಂದು ಹೆಸರು.
ಲಾರಿ ನಿಲ್ಲಿಸು ಅನ್ನಲಿಲ್ಲ ಅವಳು.
'ಎಡಕ್ಕೆ ಲಂಗರು ಹಾಕು, ಬಲಗಡೆ ಆಳ ಸಾಲದು' ಎಂದು ಕೂಗಿದಳು.

ಲವೀನಿಯಾ ಟಿಬೊಡೋ. ಮೇನ್ ರಾಜ್ಯದ ಮೂಡಣ ಕರೆಯವಳು.
ತಾತ ದೀಪ ಕಾದವನು, ಅವನ ಮೇಲೆ ತಾಯಿ.
ಇವಳ ಸರದಿ ಬರುವ ಹೊತ್ತಿಗೆ
ಸರ್ಕಾರದಿಂದ ಒಬ್ಬ ಬಂದನಂತೆ, ಕೈಯಲ್ಲೊಂದು ಪೆಟ್ಟಿಗೆ,
ಬಲ್ಬು ಹಾಕಿದ, ಗಡಿಯಾರ ಸಿಕ್ಕಿಸಿದ,
ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಹೋದ.
ಎರಡು ತಲೆಮಾರಿನ ನಿದ್ದೆಗೇಡು
ಅರ್ಧ ದಿನದ ಕೂಲಿಗೆ ಚುಕ್ತಾ.

ಆಮೇಲೆ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದಳು.
ಕಡಲು ಎಡಕ್ಕೆ, ಮಕ್ಕಳು ಹಿಂದಕ್ಕೆ,
ಎದೆಯೊಳಗೆ ಯಾರಿಗೂ ಹೇಳದ ಒಂದೇ ಹಟ.
ನಿವೃತ್ತಿಯ ಮರುದಿನ ಪಡುವಣಕ್ಕೆ ಹೊರಟಳು.
ಏಳು ದಿನದ ದಾರಿ.
ಹಳೇ ಕಾರೊಂದರ ಬೆಲೆಗೆ ನಲವತ್ತು ಎಕರೆ ಉಪ್ಪು.
'ಅಲ್ಲಿ ದೀಪಗಳಿಗೆ ಮನುಷ್ಯರು ಬೇಡ.
ಇಲ್ಲಾದರೆ ಬೇಡ ಅನ್ನುವವರೇ ಇಲ್ಲ.'

'ನೀರೂ ಇಲ್ಲವಲ್ಲ' ಅಂದೆ. ಅನ್ನಬಾರದಿತ್ತೇನೋ.
ಅವಳು ಸೂಪು ಬಗ್ಗಿಸಿದಳು, ಮಾತು ಬಗ್ಗಿಸಲಿಲ್ಲ.
ಬೆಳಗಾಗಲಿ, ಅಂದಳು ಅಷ್ಟೆ.

ರಾತ್ರಿ ಮೂರು ಸಲ ಎದ್ದು ಮೇಲೆ ಹೋದಳು.
ಬಟ್ಟೆ ಒಗೆವ ಯಂತ್ರದ ಮೋಟಾರು ದೀಪ ತಿರುಗಿಸುತ್ತದೆ,
ಮೋಟಾರಿಗೆ ಎಣ್ಣೆ, ಗಾಜಿಗೆ ಬಟ್ಟೆ, ಮಂಡಿಗೆ ಬೈಗುಳ.
ನಾನು ಕೆಳಗೆ ಬೆಂಚಿನ ಮೇಲೆ,
ಅಲ್ಲಾಡದ ನೆಲದ ಮೇಲೆ, ವಾಕರಿಕೆ ಬಂದವನಂತೆ ಮಲಗಿದ್ದೆ.

ಬೆಳಗ್ಗೆ ಗಾಳಿ ಬಿದ್ದಿತ್ತು.
ಬಾ ಇಲ್ಲಿ, ಎಂದು ಗುಡ್ಡದ ಕಡೆ ಬೆರಳು ಚಾಚಿದಳು.
ಮೈತುಂಬ ಅಡ್ಡಗೆರೆ, ಒಂದರ ಕೆಳಗೊಂದು,
ಹಾಲು ಕಾದು ಕಾದು ಇಂಗಿದ ಪಾತ್ರೆಯ ಒಳಮೈಯ ಹಾಗೆ.
ನೀರು ನಿಂತ ಗುರುತು. ಹತ್ತಾರು ಸಾವಿರ ವರ್ಷದ ಕೆಳಗಿನ ಕೆರೆ,
ದಡ ಕಾಣದಷ್ಟು ಕೆರೆ.
ಹದಿನೇಳು ವರ್ಷ ನಾನದನ್ನು
ದನ ನಡೆದ ದಾರಿ ಅಂದುಕೊಂಡಿದ್ದೆ.

ಅವಳು ಕಾಫಿಗೆ ನೀರಿಡಲು ಹೋದಾಗ
ಮೇಜಿನ ಮೇಲಿನ ದಪ್ಪ ಪುಸ್ತಕ ತೆರೆದೆ.
ಗಾಳಿ: ಪಡುವಣ. ಕಣ್ಣಿಗೆ ಕಾಣುವ ದೂರ: ಚೆನ್ನ. ಹಡಗು: ಇಲ್ಲ.
ಗಾಳಿ: ಬಡಗಣ. ಹಡಗು: ಇಲ್ಲ.
ಇಲ್ಲ. ಇಲ್ಲ. ಕ್ರಿಸ್ಮಸ್ ರಾತ್ರಿ, ಇಲ್ಲ.
ಆರು ವರ್ಷದ ಇಲ್ಲಗಳು, ಒಂದೇ ಒಂದು ಕಾಟು ಹೊಡೆಯದೆ.
ಕೊನೆಯ ಸಾಲಿನ ಮಸಿ ಇನ್ನೂ ಹಸಿ:
ಹಡಗು: ಒಂದು. ಸರಕು: ಅನಿಲ.
ನಾವಿಕ: ದಾರಿ ತಪ್ಪಲಿಲ್ಲ ಎನ್ನುತ್ತಾನೆ. ಗೊರಕೆ ಹೊಡೆಯುತ್ತಾನೆ.

ಹೊರಡುವಾಗ ಎರಡು ಸಿಲಿಂಡರು ಇಳಿಸಿದೆ.
ಅವಳು ದುಡ್ಡು ಹುಡುಕುವ ನಟನೆ ಮಾಡಿದಳು,
ನಾನು ಅವಸರದ ನಟನೆ.

ಲೆಕ್ಕ ತಾಳೆಯಾಗುತ್ತಿಲ್ಲ ಅಂತ
ಆಫೀಸಿನ ಡಾರ್ಲಾ ತಿಂಗಳಿಂದ ಪ್ರಾಣ ತಿನ್ನುತ್ತಿದ್ದಾಳೆ.
ನಿನ್ನೆ ಕಾರಣದ ಕಾಲಮ್ಮಿನಲ್ಲಿ ಬರೆದುಕೊಟ್ಟೆ,
ಸಹಿ ಹಾಕಿ, ತಾರೀಖು ಹಾಕಿ:
ಬಂದರು ಸುಂಕ.