ಎರಡು ಫೂಟಿನ ಮಣ್ಣು

ನಾ ಫರಸಿ ಹಾಸಲತ್ತಿ ಮೂವತ್ತೊಂದು ವರ್ಷಾತು.
ಶಹಾಬಾದದಾಗ ಎಷ್ಟು ಅಂಗಳಕ್ಕ ಕಲ್ಲು ಹೊಚ್ಚೀನಿ
ಲೆಕ್ಕ ಇಟ್ಟಿಲ್ಲ.
ದಾರ ಕಟ್ಟಿ, ಲೆವಲ್ ಪಟ್ಟಿ ಇಟ್ಟು,
ಉಗುರು ಹೋಗದ್ಹಂಗ ಸಂದು ಮುಚ್ಚಿ
ಮಣ್ಣು ಕಾಣದ್ಹಂಗ ಮಾಡೋದೇ ನನ್ನ ಕಸುಬು.
ನಮ್ಮ ಅಂಗಳನೂ ಹಂಗೇ. ವಿಜ್ಜಿ ಹುಟ್ಟಿದ ವರ್ಷ
ಖಣಿ ಮಾಲಕ ಮೂಲಿ ಮುಕ್ಕಾದವಂತ ಬಿಟ್ಟ ಕಲ್ಲು ತಂದು
ನಾನೇ ಹಾಸಿದ್ದು.
ಕಸ್ತೂರಿ ಆವತ್ತು ಒಂದು ಕೊಡ ನೀರು ಸುರುವಿ ನೋಡಿದಳು.
ನೀರು ನೆಟ್ಟಗ ಮೋರಿಗಿ ಓಡಿತು. ಖುಷಿ ಆದಳು.

ಈ ಉಗಾದಿ ಆದ ಮ್ಯಾಲ ಅಕಿಗಿ ಹಕ್ಕಿ ಹುಚ್ಚು ಹಿಡೀತು.
ತಳ ತೂತಾದ ಪರಾತಕ್ಕ ಎಂಸೀಲ್ ಮೆತ್ತಿ ನೀರಿಟ್ಟಳು.
ಜ್ವಾಳದ ನುಚ್ಚು ಚೆಲ್ಲಿದಳು.
ಸಂತ್ಯಾಗ ಅರವತ್ತು ರೂಪಾಯಿ ಕೊಟ್ಟು
ಮಣ್ಣಿನ ಗೂಡು ತಂದು ತೊಲಿಗಿ ತೂಗಹಾಕಿದಳು.
ಯಾರು ಬಂದರು?
ನುಚ್ಚಿಗಿ ಇರುವಿ. ನೀರಿಗಿ ಹಾಜ್ರಾಬೀ ಮನಿ ಬೆಕ್ಕು.
ಗೂಡಿನಾಗ ಒಂದು ಕಣಜದ ಹುಳ,
ಬಾಡಿಗಿ ಎಷ್ಟಂತ ಕೇಳದೇ.
ವಿಜ್ಜಿ ನಕ್ಕಳು: "ಯವ್ವಾ, ಹಕ್ಕಿಗೋಳಿಗಿ ಕಾರ್ಡ್ ಹಂಚಬೇಕಿತ್ತು."

ಗುಬ್ಬಿ ಇರಲಿಲ್ಲಂತಲ್ಲ. ಇದ್ವು.
ಕಾಂಪೌಂಡ್ ಮ್ಯಾಲ ಸಾಲಾಗಿ ಕುಂತು
ಒಳಗ ನೋಡ್ತಿದ್ವು.
ರೇಟು ಕೇಳಿ ಅಂಗಡಿ ಮೆಟ್ಲು ಇಳಿಯೋ ಮಂದಿಹಂಗ
ಒಮ್ಮೆಲೆ ಹಾರಿ ಹೋಗ್ತಿದ್ವು.

ಒಂದಿನ ಮಟಮಟ ಮಧ್ಯಾಹ್ನ
ಒಣಹಾಕಿದ ಸಂಡಿಗಿ ತೆಗಿಲಾಕ ಕಸ್ತೂರಿ ಬರಿಗಾಲಲೆ ಹ್ವಾದಳು.
ನಾಕು ಹೆಜ್ಜಿ. ಕುಣಿಕೋತ ತಿರುಗಿ ಬಂದಳು.
ಅಂಗಾಲಿಗಿ ನೀರು ಹಾಕಿಕೋತ ಅಂದಳು:
"ಇದು ಅಂಗಳಲ್ಲ, ರೊಟ್ಟಿ ಹಂಚು.
ನನ್ನ ಕಾಲೇ ತಡಿಲಿಲ್ಲ.
ಕಡ್ಡಿಯಂಥ ಕಾಲಿನವು, ಇಳೀರಿ ಅಂದ್ರ ಹ್ಯಾಂಗ ಇಳಿತಾವ?"
ನಾನು ಮಾತಾಡಲಿಲ್ಲ.
ಹಂಚು ಹಾಸಿದಾಂವ ನಾನೇ ಅಲ್ಲೇನು.

ಸಂಜಿಗಿ ಹಾರಿ ತಗೊಂಡೆ.
ಮೋರಿ ಬಾಜೂಕಿನ ಕಲ್ಲು, ಎರಡಕ್ಕ ಎರಡು.
ಹಾಸೋದು ಗೊತ್ತಿತ್ತು, ಎಬ್ಬಿಸೋದು ಗೊತ್ತಿರಲಿಲ್ಲ.
ನನ್ನ ಸಿಮೆಂಟೇ ನನಗ ಅಡ್ಡ ಬಂತು,
ಇಷ್ಟು ಗಟ್ಟಿ ಯಾಕ ಮಾಡಿದ್ದಿ ಅಂತ ನನಗ ನಾನೇ ಬೈಕೊಂಡೆ.
ಕಲ್ಲು ಎದ್ದಾಗ ಕೆಳಗ
ಹದಿನೇಳು ವರ್ಷ ಬಿಸಿಲು ಕಾಣದ ಮಣ್ಣು,
ಮೂಗಿಗಿ ಬಾವಿ ವಾಸನಿ.
ಅದರಾಗ ಹಾಜ್ರಾಬೀ ಬೇವಿನ ಗಿಡದ ಬೇರು
ಗ್ವಾಡಿ ಬುಡಕಿಂದ ದಾಟಿ,
ಬೆಳ್ಳಗಾಗಿ,
ಕತ್ತಲ್ಯಾಗ ಕಡ್ಡಿಪೆಟ್ಟಿಗಿ ಹುಡುಕೋ ಕೈಹಂಗ.

ಕಲ್ಲು ಗ್ವಾಡಿಗಿ ಆನಿಸಿದೆ.
ಎಂಟು ದಿನ ಏನೂ ಬರಲಿಲ್ಲ.
ಒಂಬತ್ತನೇ ದಿನ ಒಂದು ಗಂಡು ಗುಬ್ಬಿ,
ಕೊರಳಿಗಿ ಮಸಿ ಬಳಕೊಂಡಿದ್ದು, ಇಳೀತು.
ನುಚ್ಚು ಮುಟ್ಟಲಿಲ್ಲ. ನೀರು ನೋಡಲಿಲ್ಲ.
ಹೊಟ್ಟಿ ಮಣ್ಣಿಗಿ ಹಚ್ಚಿ, ರೆಕ್ಕಿ ಒದರಿ
ಧೂಳಿನಾಗ ಜಳಕ ಮಾಡಲತ್ತಿತು.
ಆಮ್ಯಾಲ ಅದರ ಹಿಂದ ಏಳೋ ಎಂಟೋ.
ಸಣ್ಣ ಸಣ್ಣ ಕುಣಿ, ಬಟ್ಟಲದಷ್ಟು.

ಒಂದು ಮುಂಜಾನಿ ತಲಿ ಮ್ಯಾಲ ಬೀಸಣಿಕಿ ಇದ್ದದ್ದೊಂದು ಬಂದು
ಉದ್ದ ಚುಂಚಿಲೆ ಕುಟ್ಟಿ ಕುಟ್ಟಿ ಹುಳ ತಗೀತು.
ಗ್ವಾಡಿ ಆ ಕಡಿಂದ ಹಾಜ್ರಾಬೀ ಕೂಗಿದಳು:
"ಹುದ್‌ಹುದ್! ಸುಲೇಮಾನ ಪೈಗಂಬರರ ಟಪಾಲು ಒಯ್ದ ಹಕ್ಕಿ!"
ನಮಗೇನು ಟಪಾಲು ತಂದಿತ್ತೋ,
ಹುಳ ನುಂಗಿ ಹೋಯ್ತು.

ಕಸ್ತೂರಿ ಈಗ ಬೈತಾಳ, ಒಗದ ಅರಬಿ ಮ್ಯಾಲೆಲ್ಲ ಧೂಳಂತ.
ಬೈಕೋತೇ ಹಗ್ಗ ಅತ್ತಾಗ ಸರಿಸಿ ಕಟ್ಯಾಳ.

ಹೋದ ವಾರ ಕಲಬುರಗ್ಯಾಗ ಹೊಸಾ ಮನಿ ಕೆಲಸ.
ಮಾಲಕ ಅಂದ: "ಮಿಸ್ತ್ರಿ, ಈ ಮೂಲಿಂದ ಆ ಮೂಲಿಗಿ.
ಒಂದು ಹುಲ್ಲಕಡ್ಡಿ ಏಳಬಾರದು."
ಹೂಂ ಅಂದೆ. ದಾರ ಕಟ್ಟಿದೆ.
ಎಲ್ಲಾ ಹಾಸಿದೆ, ಸಂದು ಮುಚ್ಚಿದೆ, ಪೂರಾ ರೊಕ್ಕ ತಗೊಂಡೆ.
ಹಿತ್ತಲ ಮೂಲ್ಯಾಗ, ನಳದ ಬಾಜೂಕ,
ಒಂದು ಕಲ್ಲಿಗಿ ಮಾತ್ರ ಸಿಮೆಂಟ್ ಹಾಕಿಲ್ಲ.
ಬರೇ ಉಸುಕಿನ ಮ್ಯಾಲ ಇಟ್ಟೀನಿ.
ಕಾಲಿಟ್ಟರ ಜರಾ ಅಳ್ಳಾಡತಾದ.
ಅವರ ಮನ್ಯಾಗೂ ಯಾರರೆ ಒಬ್ಬರು
ಬರಿಗಾಲಲೆ ಹೊರಗ ಬರತಾರ, ಏಪ್ರಿಲ್‌ದಾಗ.